ಡ್ರಮ್ಮಿನೊಳಗಿನ ದೇವರು

ಗುರುವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಡ್ರಮ್ಮಣ್ಣ ದೇವರು. ಉಳಿದ ಹೊತ್ತಿನಲ್ಲಿ ಅವನು ಮೊಣಕಾಲು ನೋವಿನ ಎಣ್ಣೆ, ಸೊಳ್ಳೆ ಓಡಿಸುವ ಬತ್ತಿ, ಕಲೆ ತೆಗೆಯುವ ಪುಡಿ, ಯಾವುದು ಸಿಕ್ಕರೆ ಅದಕ್ಕೆ ದನಿ ಕೊಡುವ ಐವತ್ತೆರಡು ವರ್ಷದ ಮನುಷ್ಯ. ಬೆನ್ನು ಸ್ವಲ್ಪ ಬಾಗಿತ್ತು. ಮುಖ ನೋಡಿದವರಿಗೆ ಇವನನ್ನು ಈಗಷ್ಟೇ ಯಾರೋ ನಿದ್ದೆಯಿಂದ ಎಬ್ಬಿಸಿದ್ದಾರೆ, ಅದೂ ಸುಮ್ಮನೆ ಎಬ್ಬಿಸಿದ್ದಾರೆ, ಅನ್ನಿಸುತ್ತಿತ್ತು.

ಟೀವಿಯಲ್ಲಿ ದಿನವೂ ಎಂಟು ಗಂಟೆಗೆ ಒಂದು ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಯಾರಿಗಾದರೂ ಕಷ್ಟ ಕುತ್ತಿಗೆಗೆ ಬಂದಾಗ ಅವರು ತಲೆಯೆತ್ತಿ ನೋಡುತ್ತಾರೆ, ಮೋಡ ಸರಿಯುತ್ತದೆ, ಗುಡುಗಿನಂಥ ಒಂದು ದನಿ "ಎಲೈ ಮಗುವೇ" ಎನ್ನುತ್ತದೆ. ಆ ದನಿ ಇವನದು. ಧಾರಾವಾಹಿ ಶುರುವಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ದನಿಗೆ ಮಾರ್ದನಿ ಕೊಡುವ ಯಂತ್ರವಿರಲಿಲ್ಲ. ನೀರು ತುಂಬುವ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಒಳಗೊಂದು ಮೈಕು ನೇತುಹಾಕಿ, ಇವನ ತಲೆಯನ್ನೂ ಭುಜವನ್ನೂ ಅದರೊಳಗೆ ತೂರಿಸಿದರು. ಆಮೇಲೆ ಯಂತ್ರ ಬಂತು. ಅದಕ್ಕಿಂತ ಒಳ್ಳೆಯ ಇನ್ನೊಂದು ಯಂತ್ರವೂ ಬಂತು. ಡ್ರಮ್ಮು ಮಾತ್ರ ಅಲ್ಲಾಡಲಿಲ್ಲ. "ಡ್ರಮ್ ತೆಗೆದ ದಿನ ಸೀರಿಯಲ್ ಮಕಾಡೆ ಮಲಗುತ್ತೆ" ಎಂದು ನಿರ್ಮಾಪಕರು ಗಟ್ಟಿಯಾಗಿ ನಂಬಿದ್ದರು. ಏಳು ವರ್ಷದಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯ ಮೇಲಷ್ಟೇ ಉಳಿದು, ಉಳಿದೆಲ್ಲ ಕಡೆ ಅವನು ಡ್ರಮ್ಮಣ್ಣನಾದ.

ಈ ಕೆಲಸದಿಂದ ಅವನಿಗೊಂದು ಗುಣ ಅಂಟಿಕೊಂಡಿತ್ತು. ಮುಂದೆ ಹಾಳೆಯಿದ್ದರೆ ಓದಿಬಿಡುವುದು. ಹಾಳೆಯಲ್ಲಿ "ನಗು" ಎಂದಿದ್ದರೆ ನಗುತ್ತಿದ್ದ, "ಗದ್ಗದ" ಎಂದಿದ್ದರೆ ಗಂಟಲು ತಾನಾಗಿ ಕಟ್ಟುತ್ತಿತ್ತು. ಒಮ್ಮೆ ಕಣ್ಣಿನ ಡಾಕ್ಟರು ಅಕ್ಷರದ ಹಲಗೆ ತೋರಿಸಿದಾಗ ಕೊನೆಯ ಸಾಲನ್ನು ಎಷ್ಟು ಭಾವ ತುಂಬಿ ಓದಿದನೆಂದರೆ ಪಕ್ಕದಲ್ಲಿದ್ದ ನರ್ಸು ಮೂಗು ಒರೆಸಿಕೊಂಡಳು. ಹಾಳೆಯಿಲ್ಲದಿದ್ದರೆ ಮಾತ್ರ ಅವನ ಬಾಯಿಗೆ ಬೀಗ. ಹೆಂಡತಿ "ಏನ್ರೀ, ಈ ಪರದೆಗೆ ಹಸಿರು ಬಣ್ಣ ಒಪ್ಪುತ್ತಾ?" ಎಂದು ಕೇಳಿದರೆ "ನೋಡು" ಎನ್ನುವುದು ಅವನ ಅತಿ ದೀರ್ಘ ಭಾಷಣ.

ಇಂಥವನನ್ನು ಒಂದು ಶನಿವಾರ ಸಂಜೆ ಸಂದರ್ಶನಕ್ಕೆ ಕೂರಿಸಿದರು.

ಕೂರಬೇಕಾದವನು ಬೇರೆಯವನು. ಪ್ರಸಿದ್ಧ ನಟ. ದೇವರಿಲ್ಲ ಎಂದು ಬಹಿರಂಗವಾಗಿ ಹೇಳುವ ಧೈರ್ಯಕ್ಕೆ ಅವನು ತನ್ನ ಸಿನಿಮಾಗಳಿಗಿಂತ ಹೆಚ್ಚು ಹೆಸರಾಗಿದ್ದ. ನೇರ ಪ್ರಸಾರಕ್ಕೆ ಹತ್ತು ನಿಮಿಷವಿರುವಾಗ ಅವನ ಕಾರು ಯಾವುದೋ ಸೇತುವೆಯ ಮೇಲೆ ಸಿಕ್ಕಿಕೊಂಡಿದೆ ಎಂಬ ಸುದ್ದಿ ಬಂತು. ಕಾರ್ಯಕ್ರಮದ ಸಂಯೋಜಕಿ ಮೆಟ್ಟಿಲ ಬಳಿ ಓಡಿಬಂದಳು. ಮೂರನೇ ಮಹಡಿಯ ಡಬ್ಬಿಂಗ್ ಕೋಣೆಯಿಂದ ನೀರು ಕುಡಿಯಲು ಇಳಿದಿದ್ದ ಡ್ರಮ್ಮಣ್ಣ ಅಲ್ಲಿ ಲೋಟ ಹಿಡಿದು ನಿಂತಿದ್ದ.

"ಸರ್, ನೀವು ಆ ದೇವರು ತಾನೇ?"

"ಹೌದು. ಆದ್ರೆ ಗುರುವಾರ…"

"ಗುರುವಾರ ಗಿರುವಾರ ಏನಿಲ್ಲ, ಬನ್ನಿ!"

ಲೋಟ ಯಾರೋ ಕಸಿದುಕೊಂಡರು. ಮುಖಕ್ಕೆ ಯಾರೋ ಪೌಡರು ಬಡಿದರು. ಜೀವಮಾನದಲ್ಲಿ ಮೊದಲ ಸಲ ಅವನ ಮುಖ ಯಾರಿಗೋ ಬೇಕಾಗಿತ್ತು.

"ದೇವರಿಗೆ ದನಿಯಾಗೋದು ಹೇಗನ್ನಿಸುತ್ತೆ?" ನಿರೂಪಕ ಕೇಳಿದ.

"ಒಳಗೆ ಸ್ವಲ್ಪ ಸೆಕೆ."

"ಆ ಗಾಂಭೀರ್ಯ ಎಲ್ಲಿಂದ ಬಂತು?"

"ಆಯ್ಕೆ ದಿನ ನೆಗಡಿಯಾಗಿತ್ತು."

ಹೀಗೇ ಎಂಟು ಪ್ರಶ್ನೆಗಳು ಎರಡು ನಿಮಿಷದಲ್ಲಿ ಮುಗಿದುಹೋದವು. ನಿರೂಪಕನ ಹಣೆಯಲ್ಲಿ ಬೆವರು. ಒಂಬತ್ತನೆಯದನ್ನು ಅವನು ಮುಳುಗುವವನು ಹಗ್ಗ ಹಿಡಿಯುವ ಹಾಗೆ ಕೇಳಿದ: "ನೇರವಾಗಿ ಹೇಳಿ, ನೀವು ದೇವರನ್ನು ನಂಬ್ತೀರಾ?"

ಡ್ರಮ್ಮಣ್ಣನ ತಲೆಯೊಳಗೆ ಗಾಳಿ ಬೀಸಿತು. ಕಣ್ಣು ಅಭ್ಯಾಸಬಲದಿಂದ ಕೆಳಗೆ ಇಳಿಯಿತು. ಮೇಜಿನ ಮೇಲೆ ಒಂದು ಹಾಳೆ. ಒಂಬತ್ತನೇ ಪ್ರಶ್ನೆ, ಅದರ ಕೆಳಗೆ ಉತ್ತರ, ದಪ್ಪ ಅಕ್ಷರದಲ್ಲಿ. ಆ ನಟ ತಾನು ಆಡಲಿರುವ ಹೊಸ ಮಾತನ್ನು ಮುಂಚೆಯೇ ಸ್ಟುಡಿಯೋಗೆ ಬರೆದು ಕಳಿಸುವ ಶಿಸ್ತಿನವನೆಂದು ಡ್ರಮ್ಮಣ್ಣನಿಗೇನು ಗೊತ್ತು? ಹಾಳೆ ಕಂಡಿತು, ಜೀವ ಬಂತು, ಓದಿದ.

"ಇಲ್ಲ." ಹಾಳೆಯಲ್ಲಿ ಎರಡು ಕ್ಷಣ ಮೌನ ಎಂದಿತ್ತು. ಎರಡು ಕ್ಷಣ ಮೌನ ಕೊಟ್ಟ. "ಬುದ್ಧಿ ತಿಳಿದ ದಿನದಿಂದ ನಂಬಿಲ್ಲ. ದೇವರು ಅನ್ನೋದು ಮನುಷ್ಯ ತನ್ನ ಭಯದ ಅಳತೆಗೆ ಹೊಲಿಸಿಕೊಂಡ ಅಂಗಿ. ನನಗೆ ಆ ಅಂಗಿ ಬೇಡ." ಕೊನೆಗೆ ಸಣ್ಣ ನಗು ಎಂದಿತ್ತು. ನಕ್ಕ.

ಸ್ಟುಡಿಯೋದಲ್ಲಿ ಕ್ಯಾಮೆರಾದವರೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು. ಪೌಡರು ಒರೆಸಲು ಬಂದವನು "ಏನು ಗುಂಡಿಗೆ ಸರ್ ನಿಮ್ದು! ದೇವರ ಅನ್ನ ತಿಂದು ದೇವರೇ ಇಲ್ಲ ಅಂದ್ರಲ್ಲ!" ಎಂದ. ಆ ಘಳಿಗೆಯಲ್ಲಿ ಡ್ರಮ್ಮಣ್ಣ "ಅಯ್ಯೋ, ಅದು ಹಾಳೇಲಿತ್ತಪ್ಪಾ" ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚಪ್ಪಾಳೆಯ ರುಚಿ ಅವನ ನಾಲಿಗೆಗೆ ಹೊಸದು. ಕಾಲರು ಸರಿಮಾಡಿಕೊಂಡು, "ಏನೋ, ಅನ್ನಿಸಿದ್ದನ್ನ ಹೇಳ್ದೆ" ಎಂದುಬಿಟ್ಟ.

ಆ ಮೂರು ಪದಗಳಿಗೆ ಅವನು ಐದು ದಿನದ ನಿದ್ದೆ ತೆತ್ತ.

*

ಮನೆಯಲ್ಲಿ ಹೆಂಡತಿ ಶಾಲಾ ಸಮವಸ್ತ್ರಗಳ ರಾಶಿಯ ನಡುವೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅವನು ಒಳಗೆ ಬಂದದ್ದು ಕಂಡು ಕಾಲು ನಿಲ್ಲಿಸಿದಳು.

"ಅಂಗಿ ವಿಷ್ಯ ನಿಮಗ್ಯಾಕ್ರೀ ಬೇಕಿತ್ತು? ಅಳತೆ ಅಂತೆ, ಹೊಲಿಗೆ ಅಂತೆ. ಬಿದ್ದ ಗುಂಡಿ ಹಾಕ್ಕೊಳ್ಳೋಕೆ ಬರಲ್ಲ ನಿಮಗೆ."

"ಅದು ನನ್ನ ಮಾತಲ್ಲ ಕಣೇ. ಹಾಳೇಲಿತ್ತು."

ಅವಳು ಅವನ ಮುಖವನ್ನೇ ನೋಡಿದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದಳು, ತಕ್ಷಣ ನಂಬಿದಳು. ಅವನ ಮಾತನ್ನು ಪೂರ್ತಿಯಾಗಿ ನಂಬಿದ ವ್ಯಕ್ತಿ ಈ ಕಥೆಯಲ್ಲಿ ಅವಳೊಬ್ಬಳೇ ಎಂಬುದನ್ನು ಓದುಗರು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಅತ್ತೆ ಒಳಕೋಣೆಯಿಂದ ಬಂದರು. ಆ ಧಾರಾವಾಹಿಯ ಒಂದು ಕಂತನ್ನೂ ಬಿಡದವರು. ಅಳಿಯನನ್ನು "ಅಳಿಯದೇವರು" ಎಂದೇ ಕರೆಯುತ್ತಿದ್ದವರು.

"ಇವತ್ತಿಂದ ನೀವು ಬರೀ ಅಳಿಯ" ಎಂದರು.

"ಅತ್ತೆ, ಅದು ಬೇರೆಯವರು ಬರೆದಿದ್ದು. ನಾನು ಸುಮ್ನೆ ಓದಿದೆ."

"ಅದಿನ್ನೂ ತಪ್ಪು! ಇಲ್ಲ ಅನ್ನೋದಾದ್ರೆ ನಿಮ್ಮ ಹೊಟ್ಟೆಯಿಂದ ಇಲ್ಲ ಅನ್ನಿ. ಜಗಳ ಆಡೋರ ಮೇಲೆ ದೇವರಿಗೆ ಕೋಪ ಇಲ್ಲ. ಇನ್ನೊಬ್ಬರ ಜಗಳ ಬಾಡಿಗೆಗೆ ತಂದು ಆಡೋರ ಮೇಲೆ ಕೋಪ." ಸ್ವಲ್ಪ ತಡೆದು ಕೇಳಿದರು: "ಹೋಗ್ಲಿ, ನಿಮ್ಮ ಸ್ವಂತದ್ದು ಯಾವುದು? ಇದಾನೋ, ಇಲ್ವೋ?"

ಡ್ರಮ್ಮಣ್ಣ ಮೇಜಿನ ಕಡೆ ನೋಡಿದ. ಅಲ್ಲಿ ಒಂದು ಕತ್ತರಿ, ಸುಣ್ಣದ ಬಳಪ, ಯಾರದೋ ಸೊಂಟದ ಅಳತೆ ಬರೆದ ಚೀಟಿ ಇದ್ದವು. ಉಪಯೋಗಕ್ಕೆ ಬರುವಂಥದ್ದು ಏನೂ ಇರಲಿಲ್ಲ.

"ನೋಡ್ತೀನಿ" ಎಂದ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದವಳು ಎದುರು ಮನೆಯಾಕೆ. ಅವಳ ಗಂಡ ಸಿಗರೇಟಿನ ದಾಸ. ಮೂರು ವರ್ಷದ ಹಿಂದೆ ಆಕೆ ಗೋಗರೆದು ಡ್ರಮ್ಮಣ್ಣನ ಹತ್ತಿರ ದೇವರ ದನಿಯಲ್ಲಿ "ಎಲೈ ಮಗುವೇ, ಸಿಗರೇಟು ಕೆಳಗಿಡು, ನಾನು ನೋಡುತ್ತಿದ್ದೇನೆ" ಎಂದು ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿದ್ದಳು. ಅದನ್ನು ಬಚ್ಚಲುಮನೆಯ ಕಿಟಕಿಯಿಂದ ಎರಡು ದಿನ ಕೇಳಿಸಿದ್ದೇ ತಡ, ಗಂಡ ಸಿಗರೇಟು ಬಿಟ್ಟಿದ್ದ. ಅದು ಯಾರ ದನಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಿಟ್ಟಿದ್ದ.

"ಬನ್ನಿ, ನೋಡಿ ಬನ್ನಿ ನಿಮ್ಮ ಸಾಧನೆ!" ಎಂದು ಆಕೆ ಅವನನ್ನು ಬಾಲ್ಕನಿಗೆ ಎಳೆದಳು. ಎದುರು ಬಾಲ್ಕನಿಯಲ್ಲಿ ಅವಳ ಗಂಡ ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಹೊಗೆಯ ಉಂಗುರ ಬಿಡುತ್ತಿದ್ದ.

"ಥ್ಯಾಂಕ್ಸ್ ಡ್ರಮ್ಮಣ್ಣ!" ಅಲ್ಲಿಂದಲೇ ಕೂಗಿದ. "ನೋಡೋರು ಯಾರೂ ಇಲ್ಲ ಅಂತ ಮೊದಲೇ ಹೇಳ್ಬಾರ್ದಾ! ಮೂರು ವರ್ಷ ವೇಸ್ಟ್ ಆಯ್ತು!"

"ಈಗ್ಲೇ ಇದಾನೆ ಅಂತ ಹೇಳಿ ಇವರಿಗೆ" ಎಂದಳು ಆಕೆ.

"ನಾನು ಹೇಳಿದ್ರೆ ಇರ್ತಾನಾ ಅಮ್ಮ?"

"ನೀವು ಇಲ್ಲ ಅಂದಿದ್ದಕ್ಕೆ ಹೋದ ತಾನೇ? ಹಾಗೇ ವಾಪಸ್ ಕರೀರಿ."

ತರ್ಕದಲ್ಲಿ ಲೋಪವಿರಲಿಲ್ಲ. ಡ್ರಮ್ಮಣ್ಣ ಹೊಗೆಯ ಉಂಗುರಗಳನ್ನು ಎಣಿಸತೊಡಗಿದ.

*

ಸೋಮವಾರ ವಿಚಾರವಾದಿಗಳ ಸಂಘದವರು ಬಂದರು. ಅಧ್ಯಕ್ಷರು ರೇಖಾಗಣಿತದ ನಿವೃತ್ತ ಮೇಷ್ಟ್ರು, ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಸಂಘದಲ್ಲಿ ಒಟ್ಟು ನಾಲ್ಕು ಸದಸ್ಯರು. ಅದರಲ್ಲಿ ಇಬ್ಬರಿಗೆ ಪರಸ್ಪರ ಮಾತಿಲ್ಲ. ಸಭೆಗೆ ಕನಿಷ್ಠ ಐವರು ಬೇಕೆಂಬ ನಿಯಮವನ್ನು ಉತ್ಸಾಹದ ದಿನಗಳಲ್ಲಿ ತಾವೇ ಮಾಡಿಕೊಂಡು, ಹದಿನಾಲ್ಕು ತಿಂಗಳಿಂದ ಸಭೆಯಿಲ್ಲದೆ ಕೂತಿದ್ದರು.

"ನಿಮ್ಮ ಆ 'ಇಲ್ಲ' ಇದೆಯಲ್ಲ" ಎಂದರು ಅಧ್ಯಕ್ಷರು, "ನಲವತ್ತು ವರ್ಷ ನಾನು 'ಇಲ್ಲ' ಅಂತಾನೇ ಬಂದಿದೀನಿ. ಆದ್ರೆ ನಿಮ್ಮಷ್ಟು ಕೆಳಗಿನ ಸ್ಥಾಯಿಯಲ್ಲಿ ಒಮ್ಮೆಯೂ ಬರಲಿಲ್ಲ."

"ಬಾಯಿ ಕೂಡ ಎಷ್ಟು ಬೇಕೋ ಅಷ್ಟೇ ತೆರೆದ್ರಿ" ಎಂದರು ಹಲ್ಲಿನ ಡಾಕ್ಟರು.

ಒಂದು ಅರ್ಜಿ ಮುಂದಿಟ್ಟರು. "ಯಾವಾಗಿನಿಂದ ನಂಬಿಕೆ ಇಲ್ಲ?" ಎಂದು ಒಂದು ಖಾನೆ. "ಕಾರಣ: ಓದು, ಚಿಂತನೆ, ದುಃಖ, ಇತರೆ" ಎಂದು ಇನ್ನೊಂದು. ಹಾಳೆ ಕಂಡು ಡ್ರಮ್ಮಣ್ಣನಿಗೆ ಒಂದು ಕ್ಷಣ ಹಾಯೆನಿಸಿತು. ಆದರೆ ಉತ್ತರದ ಜಾಗವೆಲ್ಲ ಖಾಲಿ. ಕೊನೆಗೆ "ಇತರೆ" ಎಂಬಲ್ಲಿ ಗುರುತು ಹಾಕಿದ.

"ಇತರೆ ಅಂದ್ರೆ?" ಅಧ್ಯಕ್ಷರು ಕನ್ನಡಕ ಏರಿಸಿದರು.

"ನಂಗೆ ನಿಜವಾಗ್ಲೂ ಗೊತ್ತಿಲ್ಲ ಸರ್. ಇದಾನೋ ಇಲ್ವೋ, ಯೋಚನೆ ಮಾಡೋಕೆ ಪುರುಸೊತ್ತಾಗಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರ ದನಿ ತಣ್ಣಗಾಯಿತು. "ಗೊತ್ತಿಲ್ಲ ಅನ್ನೋರದ್ದು ಬೇರೆ ಸಂಘ. ನಮ್ಮ ಮೇಲಿನ ಮಹಡೀಲೇ ಇದಾರೆ. ಅವರ ಹತ್ರ ನಾವು ಮಾತಾಡಲ್ಲ."

"ಕುರ್ಚಿ ವಿಷ್ಯ" ಎಂದರು ಹಲ್ಲಿನ ಡಾಕ್ಟರು ತಗ್ಗಿದ ದನಿಯಲ್ಲಿ. "ಎಂಟು ತಗೊಂಡ್ರು. ಆರು ಕೊಟ್ರು. ಕೇಳಿದ್ರೆ 'ಎಂಟಿತ್ತೋ ಆರಿತ್ತೋ ಖಚಿತವಾಗಿ ಹೇಳೋಕಾಗಲ್ಲ' ಅಂತಾರೆ."

ಕೊನೆಗೆ, ಗೊತ್ತಿಲ್ಲ ಎಂಬುದನ್ನು ಸದ್ಯಕ್ಕೆ ಯಾರಿಗೂ ಹೇಳಬಾರದು ಎಂಬ ಷರತ್ತಿನ ಮೇಲೆ ಅವನನ್ನು ಐದನೇ ಸದಸ್ಯನನ್ನಾಗಿ ಸೇರಿಸಿಕೊಂಡರು. ಹೋಗುವಾಗ ಅಧ್ಯಕ್ಷರು ಅವನ ಭುಜ ಹಿಡಿದು, "ನೀವು ಜಗ್ಗಬಾರದು. ನೀವು ಜಗ್ಗಿದ್ರೆ ನಮಗೆ ಸಭೆ ಇಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅತ್ತೆ ಅವರಿಗೆ ಚಹಾ ಕೊಟ್ಟು ಕಳಿಸಿದರು. "ಪಾಪ, ಕಣ್ಣು ತುಂಬಿಕೊಳ್ಳೋರೆಲ್ಲ ಆ ಕಡೆ ಹೇಗೆ ಹೋದ್ರೋ" ಎಂದು ಲೋಟ ತೊಳೆಯುತ್ತ ಗೊಣಗಿದರು.

ಮಂಗಳವಾರ ಆ ನಟ ತಾನೇ ಬಂದ. ಕಪ್ಪು ಕನ್ನಡಕ, ಹಿಂದೆ ಇಬ್ಬರು. ಕುಸ್ತಿಯ ಕಣಕ್ಕೆ ಬಂದವನ ಹಾಗೆ ಹೊಸ್ತಿಲಲ್ಲೇ ನಿಂತ.

"ಅದು ನನ್ನ ನಾಸ್ತಿಕತೆ ಸ್ವಾಮಿ!"

"ಕೂತ್ಕೊಳ್ಳಿ ಸರ್."

"ಕೂರೋಕೆ ಬಂದಿಲ್ಲ. ಹದಿನೆಂಟು ವರ್ಷ ಬೆವರು ಸುರಿಸಿ ಬೆಳೆಸಿದ್ದು. ಕಲ್ಲು ತಿಂದಿದೀನಿ, ಕೊಳೆತ ಟೊಮೇಟೊ ತಿಂದಿದೀನಿ. ಆ ಅಂಗಿ ಸಾಲು ಸ್ನಾನ ಮಾಡೋವಾಗ ಹೊಳೀತು, ಸೋಪು ಕಣ್ಣಿಗೆ ಹೋದ್ರೂ ಬಿಡದೆ ಓಡಿಬಂದು ಬರ್ಕೊಂಡೆ. ನಿನ್ನೆ ಒಂದು ಕಾಲೇಜಲ್ಲಿ ಆ ಸಾಲು ಹೇಳಿದ್ರೆ ಮಕ್ಕಳು ಏನಂದ್ರು ಗೊತ್ತಾ? 'ಇದು ಡ್ರಮ್ಮಣ್ಣಂದು' ಅಂದ್ರು!"

"ವಾಪಸ್ ತಗೊಂಡ್ಹೋಗಿ ಸರ್. ನಾನಿಟ್ಕೊಂಡು ಏನ್ ಮಾಡ್ಲಿ?"

"ಹೇಗ್ರೀ ತಗೊಂಡ್ಹೋಗ್ಲಿ, ಚೀಲ ತಂದಿದೀನಾ? ನೀವು ಟೀವೀಲಿ ಬಂದು ನಂಬ್ತೀನಿ ಅಂತ ಹೇಳಿ. ಗಟ್ಟಿಯಾಗಿ ನಂಬಿ. ಆಗ ನಾನೊಬ್ಬನೇ ಉಳೀತೀನಿ."

ಹೀಗೆ, ದೇಶಕ್ಕೆಲ್ಲ ನಂಬಬೇಡಿ ಎಂದು ಹೇಳಿಕೊಂಡು ತಿರುಗಿದವನು ಒಬ್ಬ ಮನುಷ್ಯನಿಗೆ ಮಾತ್ರ ನಂಬು ನಂಬು ಎಂದು ಮುಕ್ಕಾಲು ಗಂಟೆ ಅಂಗಲಾಚಿದ. ದೇವರು ಇರಬಹುದೆನ್ನುವುದಕ್ಕೆ ಅವನು ಕೊಟ್ಟ ಕಾರಣಗಳು ಬಹಳ ಚೆನ್ನಾಗಿದ್ದವು. ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಎಷ್ಟು ಚೆನ್ನಾಗಿ ಮಾತಾಡ್ತಾನೆ ಆ ಹುಡುಗ" ಎಂದು ಮೆಚ್ಚಿದರು.

ಅಷ್ಟರಲ್ಲಿ ಡ್ರಮ್ಮಣ್ಣ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದ. ಫೋನು ಬಡಿದುಕೊಂಡಿತು. ಅದು ನಿರ್ಮಾಪಕರು.

*

"ಬಾ, ಬಾ" ಎಂದರು ನಿರ್ಮಾಪಕರು ಬುಧವಾರ. ಅವರ ಕೋಣೆಯಲ್ಲಿ ಎರಡು ಕುರ್ಚಿಗಳು, ಎರಡರ ಮೇಲೂ ಪತ್ರಗಳ ಕಟ್ಟು. ಡ್ರಮ್ಮಣ್ಣ ನಿಂತೇ ಇದ್ದ. "ಇವೆಲ್ಲ ನಿನಗೇ ಬಂದಿದ್ದು. ಈ ಕಟ್ಟು ಬೈಗುಳ. ಇದು ಮೆಚ್ಚುಗೆ. ಮೆಚ್ಚುಗೇನೇ ಹೆಚ್ಚು ಅಪಾಯ, ಅವರು ಯಾರೂ ಸೀರಿಯಲ್ ನೋಡಲ್ಲ."

"ಸರ್, ಅದು ಹಾಳೇಲಿತ್ತು."

"ಯಾವ ಹಾಳೇಲಿದ್ರೇನು, ಬಂದಿದ್ದು ನಿನ್ನ ಬಾಯಲ್ಲಿ. ಏಳು ವರ್ಷದಿಂದ ಜನ ಆ ಬಾಯೀನೇ ನಂಬಿರೋದು. ಕೇಳು. ನಾಳೆ ಹನ್ನೊಂದಕ್ಕೆ ಬಾ. ನಾನು ಒಂದು ಹೇಳಿಕೆ ಬರೆಸಿದೀನಿ. ತಪ್ಪಾಯ್ತು, ನಂಬ್ತೀನಿ, ಉಸಿರುಸಿರಲ್ಲೂ ನಂಬ್ತೀನಿ ಅಂತ ಕ್ಯಾಮೆರಾ ಮುಂದೆ ಓದು. ಆಮೇಲೆ ಡ್ರಮ್ಮಿಗೆ ಹೋಗು. ಇಲ್ಲಾಂದ್ರೆ…" ಅವರು ಬಾಗಿಲ ಕಡೆ ಗಲ್ಲ ಎತ್ತಿದರು.

ಬಾಗಿಲ ಹೊರಗೆ ಬೆಂಚಿನ ಮೇಲೆ ಒಬ್ಬ ಕೂತಿದ್ದ. ಮಕ್ಕಳ ಕಾರ್ಟೂನಿನಲ್ಲಿ ಮೊಸಳೆಗೆ ದನಿ ಕೊಡುವವನು. ಇವನನ್ನು ಕಂಡು ಎದ್ದು ನಿಂತು, "ಅಣ್ಣಾ, ತಪ್ಪು ತಿಳ್ಕೋಬೇಡಿ. ಮೊಸಳೆ ಈ ತಿಂಗಳು ಸಾಯುತ್ತೆ" ಎಂದ.

ಡ್ರಮ್ಮಣ್ಣ ಮನೆಗೆ ನಡೆದೇ ಹೋದ. ಸೊಳ್ಳೆಬತ್ತಿಯವರು ಸೋಮವಾರವೇ ಫೋನು ಮಾಡಿ ಬೇರೆ ದನಿ ನೋಡಿಕೊಂಡಿದ್ದರು, ಎಣ್ಣೆಯವರು ಯೋಚಿಸುತ್ತಿದ್ದರು. ಅವನಿಗೆ ಉಳಿದಿದ್ದು ಆ ಡ್ರಮ್ಮೊಂದೇ. ಅದನ್ನು ಹೆಂಡತಿಗೆ ಹೇಳಲು ಹೊರಟ, ಪದ ಸಿಗಲಿಲ್ಲ. ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ನಾಳೆ ನಾನೂ ಬರ್ತೀನಿ" ಎಂದಳು. "ಹೀಗೇ ಬಿಟ್ರೆ ನೀವು ಬಸ್ಸಲ್ಲೇ ನಿದ್ದೆ ಹೋಗಿ ಊರಾಚೆ ಇಳೀತೀರ."

"ನಾನೂ ಬರ್ತೀನಿ" ಎಂದರು ಅತ್ತೆ. "ಆ ಡ್ರಮ್ಮು ನೋಡಬೇಕು."

*

ಗುರುವಾರ ಡಬ್ಬಿಂಗ್ ಕೋಣೆಯ ಗಾಜಿನ ಈಚೆ ಕಾಲಿಡಲು ಜಾಗವಿರಲಿಲ್ಲ. ನಂಬಿಕೆಯ ಘೋಷಣೆಯನ್ನು ಕಣ್ಣಾರೆ ನೋಡಲು ನಟ ಬಂದಿದ್ದ. ಅದನ್ನು ತಡೆಯಲು ಸಂಘದ ಇಬ್ಬರು ಬಂದಿದ್ದರು. ಮೂಲೆಯ ಸ್ಟೂಲುಗಳ ಮೇಲೆ ಹೆಂಡತಿ, ಅತ್ತೆ. ಶಬ್ದಯಂತ್ರದ ಮುಂದೆ, ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿರುವ ಶಬ್ದದಕ್ಕ. ಶಬ್ದದ ಕೆಲಸ ಮಾಡಿ ಮಾಡಿ ಆಕೆ ಮಾತಾಡುವುದನ್ನೇ ಬಿಟ್ಟಿದ್ದಳು.

ನಿರ್ಮಾಪಕರ ಮುಖ ಮಾತ್ರ ಬಿಳುಪೇರಿತ್ತು. ಆ ದಿನದ ಕಂತನ್ನು ಬರೆಯಬೇಕಾದ ಸಂಭಾಷಣೆಕಾರ ಹೆದರಿ ಕೈಯೆತ್ತಿಬಿಟ್ಟಿದ್ದ. ದೃಶ್ಯ ಚಿತ್ರೀಕರಣವಾಗಿತ್ತು. ಆಸ್ಪತ್ರೆಯ ಓಣಿಯಲ್ಲಿ ಮುದುಕಿಯೊಬ್ಬಳು ಮಗನ ಕೋಣೆಯ ಬಾಗಿಲ ಮುಂದೆ ನಿಂತು, ಮೇಲೆ ನೋಡಿ, "ಇದ್ದೀಯಾ? ಇದ್ರೆ ಇದೀನಿ ಅನ್ನು, ಇಲ್ಲದಿದ್ರೆ ಇಲ್ಲ ಅನ್ನು" ಎಂದು ಕೇಳುತ್ತಾಳೆ. ಅದಕ್ಕೆ ದೇವರ ಉತ್ತರವಿರಬೇಕಾದ ಹಾಳೆಯಲ್ಲಿ ಸಂಭಾಷಣೆಕಾರ ಬರೆದು ಕಳಿಸಿದ್ದು ಇಷ್ಟೇ: "ನಿರ್ಮಾಪಕರು ತೀರ್ಮಾನಿಸಿದಂತೆ."

"ನಾನೇನಪ್ಪ ತೀರ್ಮಾನಿಸ್ಲಿ! ಇವತ್ತು ಎಂಟಕ್ಕೆ ಹೋಗಬೇಕು ಇದು!" ಎಂದು ಕೂಗಿಕೊಂಡು, ಮೊಸಳೆಯವನನ್ನು ಡ್ರಮ್ಮಿನತ್ತ ತಳ್ಳಿದರು. "ಏನಾದ್ರೂ ಒಂದು ಹೇಳು, ಗಂಭೀರವಾಗಿ!"

ಮೊಸಳೆಯವನು ತಲೆ ತೂರಿಸಿದ. ಪರದೆಯ ಮೇಲೆ ಮುದುಕಿ ಕೇಳಿದಳು. ಡ್ರಮ್ಮಿನಿಂದ ದನಿ ಬಂತು: "ಮಗಳೇ… ಹತ್ತಿರ ಬಾ…"

ಅತ್ತೆ ಬೆಚ್ಚಿ ಮಗಳ ಕೈ ಹಿಡಿದುಕೊಂಡರು. "ಹೋಗಬೇಡ ಅನ್ನೇ ಅವಳಿಗೆ! ನುಂಗ್ತಾನೆ!"

ಶಬ್ದದಕ್ಕ ಒಂದು ಗುಂಡಿ ಒತ್ತಿದಳು. ಮೊಸಳೆಯವನ ದೇವತ್ವ ಅಳಿಸಿಹೋಯಿತು.

ನಿರ್ಮಾಪಕರು ಡ್ರಮ್ಮಣ್ಣನ ಕೈಗೆ ಹೇಳಿಕೆಯ ಹಾಳೆ ತುರುಕಿದರು. "ಓದು. ಬೇಗ ಓದಿ ಮುಗಿಸು, ಆಮೇಲೆ ಒಳಗೆ ಹೋಗು." ಕ್ಯಾಮೆರಾದ ದೀಪ ಹತ್ತಿತು. ನಟ ಮುಂದೆ ಬಾಗಿದ. ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟುಕೊಂಡರು. ಹಾಳೆಯಲ್ಲಿ ಎಲ್ಲವೂ ಇತ್ತು. ಎಲ್ಲಿ ತಡೆಯಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ ಕಣ್ಣೊರೆಸಿಕೊಳ್ಳಬೇಕು. ಡ್ರಮ್ಮಣ್ಣ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಹಾಳೆ ಓದಲು ಆಗಲಿಲ್ಲ.

"ಸರ್" ಎಂದ. "ಮೊದಲು ದೇವರದ್ದು ಮುಗಿಸ್ಬಿಡೋಣ. ಆ ಅಮ್ಮ ಕಾಯ್ತಾ ಇದಾಳೆ. ನನ್ನದೇನು, ಯಾವಾಗಾದ್ರೂ ಆಗುತ್ತೆ."

"ಒಳಗೆ ಹಾಳೆ ಇಲ್ಲ ಕಣೋ!"

ಅವನಾಗಲೇ ಸ್ಟೂಲಿನ ಮೇಲೆ ಕೂತು ಡ್ರಮ್ಮಿನೊಳಗೆ ಹೋಗಿಯಾಗಿತ್ತು. ಒಳಗೆ ಕತ್ತಲೆ, ಅದೇ ಹಳೆಯ ಸೆಕೆ. ಐದು ದಿನದಲ್ಲಿ ಮೊದಲ ಬಾರಿಗೆ ಅವನ ಮುಂದೆ ಯಾರ ಮುಖವೂ ಇರಲಿಲ್ಲ. ಡ್ರಮ್ಮಿನ ತಳಕ್ಕೆ ಅಂಟಿಸಿದ್ದ ಅಂಗೈಯಗಲದ ಪರದೆಯಲ್ಲಿ ಮುದುಕಿ ಕಂಡಳು. ಅವಳ ಸೀರೆ ಮುದುಡಿತ್ತು, ಕೈಯಲ್ಲಿ ಮುಚ್ಚಿದ ಊಟದ ಡಬ್ಬಿ ಇತ್ತು.

"ಇದ್ದೀಯಾ? ಇದ್ರೆ ಇದೀನಿ ಅನ್ನು. ಇಲ್ಲದಿದ್ರೆ ಇಲ್ಲ ಅನ್ನು. ಒಂದು ಮಾತು ಹೇಳು."

ಡ್ರಮ್ಮಿನಿಂದ ಏನೂ ಬರಲಿಲ್ಲ. ನಿರ್ಮಾಪಕರು ತಲೆಯ ಮೇಲೆ ಕೈ ಹೊತ್ತರು. ಆಮೇಲೆ ಒಂದು ದೊಡ್ಡ ನಿಟ್ಟುಸಿರು ಬಂತು. ಯಂತ್ರದಲ್ಲಿ ಹಾದು ಅದು ಬೆಟ್ಟವೊಂದು ಮಗ್ಗುಲು ಬದಲಿಸಿದ ಹಾಗೆ ಕೇಳಿಸಿತು.

"ಎಲ್ಲರೂ ಇದನ್ನೇ ಕೇಳ್ತಾರಮ್ಮ" ಎಂದಿತು ದನಿ. ಏಳು ವರ್ಷ "ಎಲೈ ಮಗುವೇ" ಎನ್ನುತ್ತಿದ್ದ ದೇವರು ಅಂದು ಮನೆಯಲ್ಲಿ ಆಡುವ ಮಾತಾಡಿದ. "ನಂಗೂ ಸುಸ್ತಾಗಿದೆ. ನೀನು ಬೆಳಗ್ಗಿಂದ ಏನೂ ತಿಂದಿಲ್ಲ. ಡಬ್ಬಿ ತೆಗ್ದು ಎರಡು ತುತ್ತು ತಿನ್ನು. ಆಮೇಲೆ ಆ ಬೆಂಚಿನ ಮೇಲೆ ಸ್ವಲ್ಪ ಒರಗಿಕೋ. ಅವನು ಕಣ್ಣು ಬಿಟ್ರೆ ನಾನು ಎಬ್ಬಿಸ್ತೀನಿ."

ಗಾಜಿನ ಈಚೆ ನಟ ಕಪ್ಪು ಕನ್ನಡಕ ತೆಗೆದ. ಅದರ ಹಿಂದೆ ಸಾಧಾರಣವಾದ, ಒದ್ದೆಯಾದ ಎರಡು ಕಣ್ಣುಗಳಿದ್ದವು. "ಈ ಸಾಲು ಯಾರು ಬರೆದಿದ್ದು?" ಎಂದು ಪಿಸುಗುಟ್ಟಿದ.

"ಗಮನಿಸಿ" ಎಂದರು ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, "ಇದೀನಿ ಅಂತ ಎಲ್ಲೂ ಅನ್ನಲಿಲ್ಲ."

"ಇಲ್ಲ ಅಂತಲೂ ಅನ್ನಲಿಲ್ಲ ಕಣ್ರೀ!" ನಿರ್ಮಾಪಕರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ ಸಾಲು! ಏನ್ ದನಿ! ಹೇಳಿಕೆ ಯಾರಿಗೆ ಬೇಕು? ಹರಿದುಹಾಕಿ ಅದನ್ನ! ಮುಂದಿನ ವಾರವೂ ಇವನೇ, ಮುಂದಿನ ವರ್ಷವೂ ಇವನೇ!"

ಮೊಸಳೆಯವನು ಮೆಲ್ಲಗೆ ಚೀಲ ಎತ್ತಿಕೊಂಡ. ಶಬ್ದದಕ್ಕ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟಳು. "ಓಕೆ" ಎಂದಳು.

ಅತ್ತೆ ಮಾತ್ರ ಮಗಳ ಕಡೆ ತಿರುಗಿ, "ಇದು ಯಾರ ಹಾಳೇದೂ ಅಲ್ಲ ಅಲ್ವೇನೇ?" ಎಂದು ಕೇಳಿದರು.

"ಅಲ್ಲಮ್ಮ."

"ಹಾಗಾದ್ರೆ ಸರಿ" ಎಂದರು ಅತ್ತೆ.

ಅಷ್ಟಕ್ಕೆ ಸುಮ್ಮನಿದ್ದರೆ ಅವರು ಮನುಷ್ಯರೇ? ನಟ ಗಾಜು ತಟ್ಟಿದ. "ಸ್ವಾಮಿ, ಎಲ್ಲ ಸರಿ, ಆದ್ರೆ ಕೊನೆಗೆ ನಂಬ್ತೀರೋ ಇಲ್ವೋ, ಅದೊಂದು ಹೇಳಿಬಿಡಿ!" "ಹೇಳಬೇಡಿ! ಸಭೆ ಇದೆ!" ಎಂದರು ಅಧ್ಯಕ್ಷರು. "ಹೇಳಿದ್ರೂ ಮೈಕಲ್ಲಿ ಹೇಳು!" ಎಂದರು ನಿರ್ಮಾಪಕರು. ಡ್ರಮ್ಮು ಅಲ್ಲಾಡಲಿಲ್ಲ. ಎಲ್ಲರೂ ಕಿವಿಗೊಟ್ಟರು. ಸ್ಪೀಕರಿನಿಂದ, ಮೋಡಗಳನ್ನು ಒಂದೊಂದಾಗಿ ನೂಕಿಕೊಂಡು ಬರುವ ಹಾಗೆ, ನಿಧಾನವಾದ, ಗಂಭೀರವಾದ, ಮಾರ್ದನಿ ತುಂಬಿದ ಒಂದು ಗೊರಕೆ ಬಂತು. ಅದರ ಹಿಂದೆ ಇನ್ನೊಂದು.

"ಎಬ್ಬಿಸಿ ಅವನನ್ನ" ಎಂದರು ನಿರ್ಮಾಪಕರು.

ಹೆಂಡತಿ ಎದ್ದು ಬಂದು ಡ್ರಮ್ಮಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಆ ಕೋಣೆಯಲ್ಲಿ ಅವಳು ಆ ದಿನ ಅಮ್ಮನನ್ನು ಬಿಟ್ಟು ಬೇರೆಯವರಿಗೆ ಆಡಿದ ಮಾತು ಅದೊಂದೇ.

"ಮುಂದಿನ ವಾರವೂ ದೇವರು ಬೇಕಾದ್ರೆ, ಎಲ್ಲರೂ ಚಪ್ಪಲಿ ಸದ್ದು ಮಾಡದೆ ಆಚೆ ಹೋಗಿ."

ನಟ ಹೋದ, ಸಂಘ ಹೋಯಿತು. ಕೊನೆಗೆ ಹೊರಟ ನಿರ್ಮಾಪಕರು, ಜೀವಮಾನವಿಡೀ ಬಾಗಿಲುಗಳನ್ನು ಧಡಾರೆಂದು ಹಾಕಿಯೇ ದೊಡ್ಡವರಾದವರು, ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದಿಷ್ಟೂ ಸದ್ದಾಗದಂತೆ ಎಳೆದುಕೊಂಡರು.